ನೂರಕ್ಕೆ ಹದಿನೆಂಟು ಹೆಚ್ಚು

"ಎಡಮಗ್ಗುಲಾಗು. ಇನ್ನೂ ಸ್ವಲ್ಪ. ಕೈ ತಲೆ ಮೇಲಕ್ಕೆ. ಏನು ಹಲ್ವೋರ್, ಇವತ್ತೇ ಮೊದಲನೇ ಸಲ ಮಲಗೋನ ಥರ ಆಡ್ತಿದ್ದೀಯ?"

"ಜೆಲ್ ತಣ್ಣಗಿರುತ್ತೇನೋ ಅಂತ."

"ತಣ್ಣಗಿಲ್ಲ ಮಾರಾಯ. ಬೆಳಿಗ್ಗೆಯಿಂದ ಸ್ವೆಟರೊಳಗೆ ಇಟ್ಕೊಂಡು ಓಡಾಡ್ತಿದ್ದೀನಿ. ಬೇಕಾದ್ರೆ ಮುಟ್ಟಿ ನೋಡು."

ಟೂವಾ ಜೆಲ್ಲಿನ ಬಾಟಲಿಯನ್ನು ಅವನ ಕೆನ್ನೆಗೆ ಒತ್ತಿದಳು. ಬೆಚ್ಚಗಿತ್ತು. ಆ ಬಿಸುಪು ಎಲ್ಲಿಂದ ಬಂದದ್ದೆಂದು ಹೊಳೆದದ್ದೇ ತಡ, ಹಲ್ವೋರನ ಎದೆ ಅವನನ್ನು ಒಂದು ಮಾತೂ ಕೇಳದೆ ಓಡತೊಡಗಿತು.

ಬೇರೆ ಪ್ರೇಮಿಗಳಿಗೆ ಎಷ್ಟು ಅನುಕೂಲ ನೋಡಿ. ಎದೆ ಏನು ಬೇಕಾದರೂ ಕುಣಿದುಕೊಳ್ಳಲಿ, ಮುಖ ಒಂದನ್ನು ಸಂಭಾಳಿಸಿದರೆ ಸಾಕು. ಇವನ ಪಾಡು ಹಾಗಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿದ್ದರೂ ಅವನ ಎದೆಯೊಳಗಿನದ್ದೆಲ್ಲ ಅಗಲವಾದ ಪರದೆಯ ಮೇಲೆ, ಕೆಂಪು ನೀಲಿ ಬಣ್ಣ ಸಮೇತ, ಅವಳ ಕಣ್ಣೆದುರೇ ಕುಣಿಯುತ್ತಿತ್ತು.

ಅವಳು ನೋಡಿದಳು. ಹುಬ್ಬು ಗಂಟಿಕ್ಕಿದಳು. ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಕೂದಲು ಜಾರಿ ಅವನ ಭುಜಕ್ಕೆ ತಾಗಿತು. ಪರದೆಯ ಮೇಲಿನ ಅಂಕಿ ಇನ್ನಷ್ಟು ಏರಿತು.

"ಮತ್ತೆ ಅದೇ ಕಥೆ," ಎಂದಳು ಟೂವಾ, ಅಳುವ ದನಿಯಲ್ಲಿ. "ಮತ್ತೆ ಹೆಚ್ಚು ತೋರಿಸ್ತಿದೆ. ನನ್ನ ಮಷೀನಿಗೆ ಏನೋ ಆಗಿದೆ ಕಣೋ."

ಹಲ್ವೋರ್ ಗೋಡೆಯನ್ನೇ ನೋಡುತ್ತ ಮಲಗಿದ್ದ.

ಟ್ರೊಂಡ್‌ಹೈಮ್ ಎಂಬ ಊರಿನಲ್ಲಿ ನದಿ ಬಳುಕಿ ತಿರುಗುವ ಕಡೆ ಆಸ್ಪತ್ರೆ, ಆಸ್ಪತ್ರೆಯ ಬೆನ್ನಿಗೇ ಇವರ ಪ್ರಯೋಗಶಾಲೆ. ಡಾಕ್ಟರುಗಳಿಗೂ ಎಂಜಿನಿಯರುಗಳಿಗೂ ಕಾಫಿಯ ಕೆಟಲು ಒಂದೇ. ಸದ್ದಿನಿಂದ ಮೈಯೊಳಗಿನ ಚಿತ್ರ ತೆಗೆಯುವ ಯಂತ್ರಗಳನ್ನು ಕಟ್ಟುವುದು ಅಲ್ಲಿಯ ಕಸುಬು. ಯಾವ ಹೊಸ ಯಂತ್ರವನ್ನೂ ಮೊದಲು ಹೊರಗಿನವರ ಮೈಗೆ ಮುಟ್ಟಿಸಬಾರದು, ಕಟ್ಟಿದವರೇ ಅಂಗಿ ಬಿಚ್ಚಿ ಮಲಗಬೇಕು ಎನ್ನುವುದು ಅಲ್ಲಿಯ ಹಳೆಯ ಪದ್ಧತಿ. ಹಾಗಾಗಿ ಒಬ್ಬರ ಹೃದಯ ಇನ್ನೊಬ್ಬರಿಗೆ ಮುಖದಷ್ಟೇ ಪರಿಚಯ. ಹಿರಿಯ ಎಂಜಿನಿಯರ್ ಸ್ವೆರ್ರೆಯ ಒಂದು ಕವಾಟ ಒಂಚೂರು ಸೋರುತ್ತದೆ ಎಂಬುದು ಅವನ ಹೆಂಡತಿಗಿಂತ ಮೊದಲು ಆ ಕಾಫಿ ಕೋಣೆಗೆ ಗೊತ್ತಿತ್ತು.

ಅವರಲ್ಲೆಲ್ಲ ಹಲ್ವೋರನ ಎದೆ ಹೆಸರುವಾಸಿ. ಉತ್ತರದ ದ್ವೀಪದಿಂದ ಬಂದ ಬಡಕಲು ದೇಹ, ಪಕ್ಕೆಲುಬುಗಳ ನಡುವೆ ಧಾರಾಳವಾದ ಸಂದು, ಎಲ್ಲೂ ಕೊಬ್ಬಿಲ್ಲ. ಎದೆಗೆ ಒತ್ತಿ ಹಿಡಿಯುವ ಪ್ರೋಬ್ ಇಟ್ಟ ಕೂಡಲೇ ತೊಳೆದಿಟ್ಟ ಗಾಜಿನಂತೆ ಚಿತ್ರ. ಅವನ ನೌಕರಿ ಪ್ರೋಬ್ ಮಾಡುವುದು. ಸದ್ದು ಹೊಮ್ಮಿಸುವ ಹರಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಸಾಲಾಗಿ ಜೋಡಿಸಿ, ಒಂದೊಂದಕ್ಕೂ ತಂತಿ ಬೆಸೆಯುವುದು. ಆದರೆ ಅರ್ಧ ದಿನ ಅವನನ್ನು ಮಂಚದ ಮೇಲೆಯೇ ಮಲಗಿಸಿಕೊಂಡಿರುತ್ತಿದ್ದರು.

"ಅಪ್ಪ ದೋಣೀಲಿ ಕೂತು ಸದ್ದು ಬಿಟ್ಟು ಮೀನು ಹುಡುಕ್ತಾನೆ, ಮಗ ಎದೆಯೊಳಗೆ ಸದ್ದು ಬಿಟ್ಟು ರಕ್ತ ಹುಡುಕ್ತಾನೆ," ಎಂದು ಸ್ವೆರ್ರೆ ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದ. "ಮನೆತನದ ಕಸುಬು ಬಿಟ್ಟಿಲ್ಲ ನಮ್ಮ ಹುಡುಗ."

ಟೂವಾ ಬೇರೆ ಜಾತಿಯ ಎಂಜಿನಿಯರ್. ಅವಳದ್ದು ಲೆಕ್ಕ, ಕಂಪ್ಯೂಟರ್. ಹಳೆಯ ಯಂತ್ರಗಳು ಚಿತ್ರವನ್ನು ಹೊಲ ಉತ್ತ ಹಾಗೆ ಸಾಲು ಸಾಲಾಗಿ ಕಟ್ಟುತ್ತವೆ. ಒಂದು ಸಾಲು ಮುಗಿಯಿತು, ಇನ್ನೊಂದು ಸಾಲು. ಅಷ್ಟರಲ್ಲಿ ರಕ್ತ ಎಲ್ಲಿಂದೆಲ್ಲಿಗೋ ಹೋಗಿಬಿಟ್ಟಿರುತ್ತದೆ. ಟೂವಾಳ ಯಂತ್ರ ಹಾಗಲ್ಲ. ಒಂದೇ ಏಟಿಗೆ ಇಡೀ ಎದೆಯ ಮೇಲೆ ಸದ್ದು ಹರಡಿ, ತಿರುಗಿ ಬಂದದ್ದನ್ನೆಲ್ಲ ಒಟ್ಟಿಗೆ ಬಾಚಿಕೊಂಡು, ಕ್ಷಣಕ್ಕೆ ಸಾವಿರಾರು ಚಿತ್ರ ಕಟ್ಟುತ್ತಿತ್ತು. ರಕ್ತ ಸುಳಿ ಸುತ್ತಿ ಕವಾಟ ದಾಟುವುದು ನದಿಯ ನೀರಿನಷ್ಟು ನಿಚ್ಚಳವಾಗಿ ಕಾಣುತ್ತಿತ್ತು.

ಇದೆಲ್ಲ ಯಾರಿಗಾಗಿ ಎಂದರೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗಾಗಿ. ಅಂಗೈಯಲ್ಲಿ ಹಿಡಿಯುವಷ್ಟು ಮೈ, ಈರುಳ್ಳಿಯ ಒಳಪೊರೆಯಂಥ ಚರ್ಮ. ಹೃದಯದ ಬಡಿತ ಅಳೆಯುವ ಅಂಟುಪಟ್ಟಿ ಹಚ್ಚಿದರೆ ತೆಗೆಯುವಾಗ ಚರ್ಮವೇ ಕಿತ್ತು ಬರುತ್ತದೆ. ಟೂವಾಳ ಯಂತ್ರಕ್ಕೆ ಅಂಟುಪಟ್ಟಿ ಬೇಡ, ತಂತಿ ಬೇಡ. ಹೆಬ್ಬೆರಳಿನಷ್ಟಗಲದ ಪ್ರೋಬ್ ಮೆಲ್ಲಗೆ ಇಟ್ಟರೆ ಬಡಿತ, ವೇಗ, ಎಲ್ಲವನ್ನೂ ಚಿತ್ರದಿಂದಲೇ ಓದುತ್ತದೆ. ಅಷ್ಟು ಚಿಕ್ಕ ಪ್ರೋಬ್ ಮಾಡಿಕೊಟ್ಟವನು ಹಲ್ವೋರ್.

ಆ ಯಂತ್ರವನ್ನು ಕೂಸುಗಳ ವಾರ್ಡಿಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಶುಕ್ರವಾರ ಹತ್ತಿರವಾಗುತ್ತಿತ್ತು. ಅದಕ್ಕೆ ಮುಂಚೆ ಹೊಸ ಯಂತ್ರದ ಲೆಕ್ಕ ಹಳೆಯ ಯಂತ್ರದ ಲೆಕ್ಕಕ್ಕೆ ತಾಳೆಯಾಗಬೇಕಿತ್ತು. ತಾಳೆಯಾಗುತ್ತಿರಲಿಲ್ಲ. ಹಳೆಯ ಯಂತ್ರದಲ್ಲಿ ಸ್ವೆರ್ರೆ ನೋಡಿದಾಗ ಹಲ್ವೋರನ ಹೃದಯ ಒಂದು ಲೆಕ್ಕ ಹೇಳುತ್ತಿತ್ತು. ಹೊಸದರಲ್ಲಿ ಟೂವಾ ನೋಡಿದಾಗ ಬಡಿತವೂ ನೂರಕ್ಕೆ ಹದಿನೆಂಟು ಹೆಚ್ಚು, ರಕ್ತದ ವೇಗವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು.

"ಎರಡೂ ಒಂದೇ ಪ್ರಮಾಣದಲ್ಲಿ ಏರ್ತಿದೆ ಅಂದ್ರೆ ಅರ್ಥ ಏನು ಹೇಳು?" ಎಂದಳು ಟೂವಾ ಊಟದ ಹೊತ್ತಿಗೆ, ಕಾಗದ ಬಿಚ್ಚಿ ಬ್ರೆಡ್ಡಿನ ಮೇಲಿನ ಕಂದು ಚೀಸನ್ನು ಸುಮ್ಮನೆ ನೋಡುತ್ತ. "ಒಳಗಿನ ಗಡಿಯಾರ ಕೆಟ್ಟಿದೆ ಅಂತ ಅರ್ಥ. ಕಾಲವೇ ತಪ್ಪಾದ್ರೆ ಬಡಿತವೂ ತಪ್ಪು, ವೇಗವೂ ತಪ್ಪು. ಅಲ್ವಾ?"

"ಇರಬಹುದು," ಎಂದ ಹಲ್ವೋರ್, ತನ್ನ ಬ್ರೆಡ್ಡಿನೊಳಗೆ ಮುಖ ಹುದುಗಿಸಿ.

ಇರಬಹುದು! ಅವನಿಗೆ ಎಲ್ಲ ಗೊತ್ತಿತ್ತು. ಗಡಿಯಾರ ಬಂಗಾರದಂಥ ಗಡಿಯಾರ. ಸ್ವೆರ್ರೆಯ ದಪ್ಪ ಕೈ ಎದೆ ಮುಟ್ಟಿದಾಗ ಅವನ ಹೃದಯ ಬೇಯಿಸಿದ ಆಲೂಗಡ್ಡೆಯಂತೆ ಮಲಗಿರುತ್ತಿತ್ತು. ಟೂವಾ ಬಂದು ಸ್ಟೂಲು ಎಳೆದುಕೊಂಡು ಕೂತಳೋ, ಮುಗಿಯಿತು. ಒಂದೆರಡು ಸಲ ಮೀನಿನ ಬಲೆ ಹೆಣೆಯುವುದನ್ನು ನೆನೆದು ನೋಡಿದ, ಹಿಂದುಮುಂದಾಗಿ ಅಂಕಿ ಎಣಿಸಿ ನೋಡಿದ. ಏನೂ ಪ್ರಯೋಜನವಾಗಲಿಲ್ಲ. ಅವಳು ಹೊಸ ಪ್ರೋಬ್ ಹಿಡಿದು "ಉಸಿರು ಬಿಡು, ಹಾಗೇ ಇರು" ಎಂದರೆ ಉಸಿರು ಹಾಗೇ ಇರುತ್ತಿತ್ತು, ಹೃದಯ ಮಾತ್ರ ಇರುತ್ತಿರಲಿಲ್ಲ.

ಹಾಗಾದರೆ ಹೇಳಿಬಿಡಬಾರದೇ ಎಂದು ನೀವು ಕೇಳುತ್ತೀರಿ. ಅವನ ಊರಿನವರನ್ನು ನೀವು ನೋಡಿಲ್ಲ. ಅಲ್ಲಿ ಗಂಡಸರು ಹವೆಯ ಬಗ್ಗೆ ಮಾತಾಡುತ್ತಾರೆ, ಮೀನಿನ ಬಗ್ಗೆ ಮಾತಾಡುತ್ತಾರೆ, ಬಾಯಿ ತುಂಬ ಥ್ಯಾಂಕ್ಸ್ ಹೇಳುತ್ತಾರೆ, ಅಷ್ಟೇ. ಹಲ್ವೋರನ ಅಪ್ಪ ಅವನ ಅಮ್ಮನಿಗೆ ಪ್ರೀತಿಯ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಪ್ರತಿ ಚಳಿಗಾಲ ಹಿಮ ಗಟ್ಟಿಯಾಗುವ ಮುಂಚೆ ಅವಳ ಕಾರಿಗೆ ತಾನೇ ಹಿಮದಲ್ಲಿ ಜಾರದ ಮುಳ್ಳಿನ ಟೈರು ಹಾಕಿಕೊಡುತ್ತಿದ್ದ. ಅಮ್ಮ ಥ್ಯಾಂಕ್ಸ್ ಎನ್ನುತ್ತಿದ್ದಳು. ಅಷ್ಟರಲ್ಲೇ ಸಂಸಾರ ಸುಖವಾಗಿ ನಡೆದಿತ್ತು.

ಇನ್ನೊಂದು ಕಾರಣವೂ ಇತ್ತು, ಅದು ಸ್ವಲ್ಪ ಸ್ವಾರ್ಥದ್ದು. ಹೇಳಿದರೆ ಅವಳು ನಾಳೆಯೇ ಬೇರೊಬ್ಬರನ್ನು ಮಂಚದ ಮೇಲೆ ಮಲಗಿಸುತ್ತಾಳೆ. ದಿನಕ್ಕೊಮ್ಮೆ ಸಿಗುವ ಆ ಬೆಚ್ಚಗಿನ ಬಾಟಲಿ, ಆ ಜಾರುವ ಕೂದಲು, "ಎಡಮಗ್ಗುಲಾಗು" ಎಂಬ ಆ ಗದರಿಕೆ, ಎಲ್ಲವೂ ಹೋಗುತ್ತದೆ. ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

ಟೂವಾ ಗಡಿಯಾರ ಬಿಚ್ಚಿದಳು. ಬದಲಾಯಿಸಿದಳು. ತಂತಿ ಬದಲಾಯಿಸಿದಳು. ರಕ್ತದಂಥ ದ್ರವವನ್ನು ರಬ್ಬರ್ ಕೊಳವೆಯಲ್ಲಿ ಪಂಪಿನಿಂದ ಹರಿಸಿ ಅಳೆದಳು. ಲೆಕ್ಕ ಕರಾರುವಾಕ್ಕು. ತನ್ನ ಎದೆಗೆ ತಾನೇ ಪ್ರೋಬ್ ಹಿಡಿದು ಅಳೆದಳು. ಅದೂ ಸರಿ. ಹಲ್ವೋರನನ್ನು ಮಲಗಿಸಿದಳು. ನೂರಕ್ಕೆ ಹದಿನೆಂಟು ಹೆಚ್ಚು.

ಮಾರನೆಯ ದಿನ ಅವನು ಸೂಕ್ಷ್ಮದರ್ಶಕದ ಕೆಳಗೆ ತಂತಿ ಬೆಸೆಯುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ಮುಖ ಬಿಳಿಚಿತ್ತು.

"ಹಲ್ವೋರ್, ನಿಜ ಹೇಳು. ನಿನಗೆ ಎದೆನೋವು ಬರುತ್ತಾ?"

"ಇಲ್ಲ."

"ಮೆಟ್ಟಿಲು ಹತ್ತಿದ್ರೆ ಏದುಸಿರು?"

"ಇಲ್ಲಪ್ಪ. ಯಾಕೆ?"

"ಮಷೀನು ಸರಿ ಇದ್ದು, ಕೊಳವೆ ಲೆಕ್ಕಾನೂ ಸರಿ ಇದ್ದು, ನಿನ್ನೊಬ್ಬನದೇ ಹೆಚ್ಚು ಬರ್ತಿದೆ ಅಂದ್ರೆ..." ಅವಳು ನಿಲ್ಲಿಸಿದಳು. "ನಿನಗೆ ಹುಟ್ಟಿದಾಗ ಹೃದಯದಲ್ಲಿ ಏನೋ ಇತ್ತು ಅಂತ ಒಂದ್ಸಲ ಹೇಳಿದ್ದೆ."

ಹೇಳಿದ್ದ. ಹುಟ್ಟಿದಾಗ ಅವನ ಹೃದಯದ ಗೋಡೆಯಲ್ಲಿ ಸಣ್ಣ ತೂತಿತ್ತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಯಂತ್ರ ಆಗಷ್ಟೇ ಹೊಸದು. ಅದರಲ್ಲಿ ನೋಡಿದ ಡಾಕ್ಟರು "ಕೊಯ್ಯೋದು ಬೇಡ, ತಾನಾಗಿ ಮುಚ್ಚುತ್ತೆ, ಕಾಯೋಣ" ಎಂದಿದ್ದರು. ಮುಚ್ಚಿತು. ಅಮ್ಮ ಇವತ್ತಿಗೂ ಕ್ರಿಸ್ಮಸ್ಸಿಗೆ ಆ ಡಾಕ್ಟರಿಗೆ ಒಣಮೀನು ಕಳಿಸುತ್ತಾಳೆ. ತನ್ನ ಎದೆಗೆ ಕತ್ತಿ ಬೀಳದಂತೆ ನೋಡಿಕೊಂಡ ವಿದ್ಯೆಗೆ ತಾನೂ ಏನಾದರೂ ಕೊಡಬೇಕು ಎಂದೇ ಅವನು ಈ ಕಸುಬಿಗೆ ಬಂದವನು.

"ಅದು ಮುಚ್ಚಿಹೋಗಿದೆ ಟೂವಾ. ನಾನು ಚೆನ್ನಾಗಿದ್ದೀನಿ."

"ನೀನು ಹೇಳಿದ್ರೆ ಆಯ್ತಾ? ಟುರಿಡ್ ಹತ್ರ ಮಾತಾಡಿದ್ದೀನಿ. ಇವತ್ತು ಮಧ್ಯಾಹ್ನ ಹೋಗ್ತಿದ್ದೀಯ. ನಾನೂ ಬರ್ತೀನಿ. ಬಾಯಿ ಮುಚ್ಕೊಂಡು ಬಾ."

ಅವಳ ಕಣ್ಣಂಚು ಒದ್ದೆಯಾಗಿತ್ತು. ಅದನ್ನು ನೋಡಿ ಅವನಿಗೆ ಒಂದು ಕಡೆ ಸ್ವರ್ಗ ಸಿಕ್ಕ ಹಾಗಾಯಿತು, ಇನ್ನೊಂದು ಕಡೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು.

ಟುರಿಡ್ ಕೂಸುಗಳ ವಾರ್ಡಿನ ದೊಡ್ಡ ಡಾಕ್ಟರ್. ನಿವೃತ್ತಿಗೆ ಹತ್ತಿರವಾದ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ಟೂವಾಳನ್ನು ಹೊರಗೆ ಕೂರಿಸಿ, ಹಲ್ವೋರನನ್ನು ಹಳೆಯ ಯಂತ್ರದ ಪಕ್ಕ ಮಲಗಿಸಿ ಸಾವಧಾನವಾಗಿ ನೋಡಿದಳು. ಗೋಡೆ, ಕವಾಟ, ರಕ್ತನಾಳ, ಎಲ್ಲ ಅಚ್ಚುಕಟ್ಟು.

"ಕುದುರೆಗೆ ಇರೋ ಅಂಥ ಹೃದಯ ಇದೆ ನಿನಗೆ. ಯಾರು ಹೇಳಿದ್ದು ಕಾಯಿಲೆ ಅಂತ?"

ಅಷ್ಟರಲ್ಲಿ ಬಾಗಿಲು ಒಂದಿಷ್ಟು ತೆರೆದುಕೊಂಡಿತು. ಸಂದಿಯಲ್ಲಿ ಟೂವಾಳ ಮುಖ. "ಏನಾದ್ರೂ ಇದೆಯಾ ಟುರಿಡ್? ನನಗೆ ಅಲ್ಲಿ ಕೂರಕ್ಕಾಗ್ತಿಲ್ಲ."

ಪರದೆಯ ಮೇಲಿನ ಅಂಕಿ ಛಂಗನೆ ಮೇಲೆ ಹಾರಿತು. ಟುರಿಡ್ ಪರದೆ ನೋಡಿದಳು. ಬಾಗಿಲು ನೋಡಿದಳು. ಮತ್ತೆ ಪರದೆ ನೋಡಿದಳು.

"ಬಾಗಿಲು ಹಾಕ್ಕೋ ಟೂವಾ," ಎಂದಳು. ಬಾಗಿಲು ಮುಚ್ಚಿತು. ಅಂಕಿ ಮೆಲ್ಲಗೆ ಇಳಿಯಿತು. "ಓಹೋ," ಎಂದಳು ಟುರಿಡ್. "ಇದಾ ಕಾಯಿಲೆ?"

ಹಲ್ವೋರ್ ತೋಳಿನಿಂದ ಮುಖ ಮುಚ್ಚಿಕೊಂಡ.

"ಆ ಹುಡುಗಿ ಗಡಿಯಾರ ಬಿಚ್ಚಿ ಬಿಚ್ಚಿ ಸಾಯ್ತಾ ಇದ್ದಾಳೆ. ನೀನು ಆರಾಮಾಗಿ ಮಲಗಿದ್ದೀಯಲ್ಲೋ ಪುಣ್ಯಾತ್ಮ!"

"ಹೇಳ್ಬೇಕು ಅಂತಾನೇ ಇದ್ದೀನಿ..."

"ರೋಗಿ ಎದೆಯೊಳಗೆ ನಾನು ಕಂಡದ್ದನ್ನ ಹೊರಗೆ ಹೇಳೋ ಹಾಗಿಲ್ಲ. ಬಾಯಿ ಕಟ್ಟಿದೆ ನನಗೆ. ನಿನಗೆ ಏನೂ ಕಟ್ಟಿಲ್ಲ. ಶುಕ್ರವಾರದೊಳಗೆ ಹೇಳು." ಜೆಲ್ ಒರೆಸಿಕೊಳ್ಳಲು ಕಾಗದದ ಸುರುಳಿಯನ್ನೇ ಅವನ ಎದೆಯ ಮೇಲೆ ಎಸೆದಳು. "ನನ್ನ ವಾರ್ಡಲ್ಲಿ ಆ ಮಷೀನಿಗೆ ಕಾಯ್ತಿರೋ ಕೂಸುಗಳಿವೆ."

ಹೊರಗೆ ಬಂದಾಗ ಟೂವಾ ಎದ್ದು ನಿಂತಿದ್ದಳು. ಅವನು "ಏನೂ ಇಲ್ಲ" ಎಂದದ್ದೇ, ಅವಳು ಅವನ ಕೋಟಿನ ಮೇಲಿಂದಲೇ ತಬ್ಬಿಕೊಂಡುಬಿಟ್ಟಳು. ಉಣ್ಣೆಯ ಟೋಪಿ ಅವನ ಗಲ್ಲಕ್ಕೆ ಚುಚ್ಚಿತು. ಆ ಕ್ಷಣಕ್ಕೆ ಅವನು ಇವತ್ತಿಗೂ ಋಣಿ.

ಸೇತುವೆಯ ಮೇಲೆ ಅವಳು ಸೈಕಲ್ ತಳ್ಳುತ್ತ ಬಂದಳು. ನಡೆಯುತ್ತಲೇ ಅಂದಳು: "ನಿನಗೇನೂ ಆಗಿಲ್ವಲ್ಲ, ಅಷ್ಟು ಸಾಕು. ಹಾಗಾದ್ರೆ ತಪ್ಪು ನನ್ನ ಮಷೀನಿಂದೇ. ಕೊಳವೇಲಿ ಸರಿ ಬರುತ್ತೆ, ಜೀವ ಇರೋ ಮನುಷ್ಯನ ಮೇಲೆ ಕೈಕೊಡುತ್ತೆ. ಅಂಥಾದ್ದನ್ನ ಕೂಸಿನ ಮೈಮೇಲೆ ಇಡೋಕೆ ನನ್ನ ಕೈಲಾಗಲ್ಲ. ಶುಕ್ರವಾರ ವಾಪಸ್ ತಗೋತೀನಿ."

ವರ್ಷಗಟ್ಟಲೆ ಅವಳು ಕೂತು ಕಟ್ಟಿದ್ದು. ಹಲ್ವೋರನ ಗಂಟಲಿಗೆ ಮಾತು ಬಂತು. ಬಾಯಿ ತೆರೆದ.

"ನಿನ್ನ ಸೈಕಲ್ಲಿಗೆ ಮುಳ್ಳಿನ ಟೈರು ಹಾಕ್ಬೇಕು," ಎಂದ. "ಹಿಮ ಗಟ್ಟಿಯಾಗ್ತಿದೆ."

"ಏನು?"

"ಜಾರುತ್ತೆ."

ಟೂವಾ ಅವನ ಮುಖವನ್ನೇ ನೋಡಿದಳು. "ನಾನೇನು ಹೇಳ್ತಿದ್ದೀನಿ, ನೀನೇನು ಹೇಳ್ತಿದ್ದೀಯ," ಎಂದು ಸೈಕಲ್ ಹತ್ತಿ ಹೊರಟುಹೋದಳು. ಮಾರನೆಯ ದಿನ ಊಟದ ಹೊತ್ತಲ್ಲಿ ಅವನು ಅಂಗಳದಲ್ಲಿ ಮೊಣಕಾಲೂರಿ, ಬೆರಳು ಮರಗಟ್ಟುವವರೆಗೂ ಕೂತು, ಅವಳ ಸೈಕಲ್ಲಿಗೆ ಎರಡೂ ಟೈರು ಹಾಕಿದ. ಅದೊಂದು ಪ್ರೇಮಪತ್ರ ಎಂದು ಅವಳಿಗೆ ತಿಳಿಯುವುದಾದರೂ ಹೇಗೆ? ಅವಳು ದೇಶದ ದಕ್ಷಿಣ ಭಾಗದವಳು.

ಶುಕ್ರವಾರ ಎಂದರೆ ಕಾವಲಿಯಲ್ಲಿ ವಾಫಲ್ ದೋಸೆ ಸುಡುವ ದಿನ. ಕಾಫಿ ಕೋಣೆಯಲ್ಲಿ ಬೆಣ್ಣೆಯ ಘಮ, ಸ್ವೆರ್ರೆಯ ಕೈಯಲ್ಲಿ ಸೌಟು. ಎಲ್ಲರೂ ತಟ್ಟೆ ಹಿಡಿದುಕೊಂಡೇ ಪ್ರಯೋಗಶಾಲೆಗೆ ಬಂದು ಕೂತರು. ಟುರಿಡ್ ಮುಂದಿನ ಸಾಲಿನಲ್ಲಿದ್ದಳು.

ಟೂವಾ ಎದ್ದಳು. ಕೈಯಲ್ಲಿ ವಾಫಲ್ ಇರಲಿಲ್ಲ.

"ಹೆಚ್ಚು ಹೇಳೋದೇನಿಲ್ಲ. ಲೆಕ್ಕ ತಾಳೆ ಆಗ್ತಿಲ್ಲ. ಕಾರಣ ಗೊತ್ತಾಗ್ತಿಲ್ಲ. ಗೊತ್ತಿಲ್ಲದ್ದನ್ನ ವಾರ್ಡಿಗೆ ಕಳಿಸಲ್ಲ. ಇಷ್ಟು ದಿನ ನನ್ನ ಜೊತೆ ಒದ್ದಾಡಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಹಲ್ವೋರ್‌ಗೆ ಎಲ್ಲರಿಗಿಂತ ಹೆಚ್ಚು. ಒಂದಿನಾನೂ ಬೇಜಾರು ಮಾಡ್ಕೊಳ್ದೆ ಮಲಗಿದ್ದಾನೆ ಪಾಪ."

ಪಾಪ ಎಂಬ ಆ ಮಾತು ಸಾಕಾಯಿತು. ಹಲ್ವೋರ್ ಎದ್ದು ನಿಂತ. ತಟ್ಟೆ ಎಲ್ಲಿಡಬೇಕೆಂದು ತಿಳಿಯದೆ ಟುರಿಡ್ ಕೈಗೆ ಕೊಟ್ಟ.

"ಮಷೀನು ಸರಿ ಇದೆ," ಎಂದ. ದನಿ ಅವನಿಗೇ ಹೊಸದೆನಿಸಿತು. "ಸ್ವೆರ್ರೆ, ಬಾ. ನೀನು ಹಿಡಿ."

"ಯಾವುದು?"

"ಟೂವಾಳ ಪ್ರೋಬ್."

ಅವನು ಎಲ್ಲರೆದುರು ಅಂಗಿ ಬಿಚ್ಚಿ ಮಂಚದ ಮೇಲೆ ಎಡಮಗ್ಗುಲಾದ. ಸ್ವೆರ್ರೆ ಕೈಯ ಬೆಣ್ಣೆ ಒರೆಸಿಕೊಂಡು, ತಣ್ಣಗಿನ ಜೆಲ್ ಸುರಿದು, ಪ್ರೋಬ್ ಇಟ್ಟ. ಹೊಸ ಯಂತ್ರದ ಪರದೆಯಲ್ಲಿ ಹೃದಯ ಮೂಡಿತು. ಅಂಕಿ ಬಂತು. ಹಳೆಯ ಯಂತ್ರದ ಲೆಕ್ಕವೇ. ಕೂದಲೆಳೆಯ ವ್ಯತ್ಯಾಸವಿಲ್ಲ.

"ಇದು ಹೇಗೆ..." ಎಂದಳು ಟೂವಾ.

"ಈಗ ನೀನು ಹಿಡಿ," ಎಂದ ಹಲ್ವೋರ್, ಗೋಡೆಗೆ.

ಅವಳು ಬಂದಳು. ಸ್ಟೂಲು ಎಳೆದುಕೊಂಡ ಸದ್ದಿಗೇ ಅಂಕಿ ಅಲುಗಿತು. ಸ್ವೆರ್ರೆಯ ಕೈಯಿಂದ ಅವಳು ಪ್ರೋಬ್ ತೆಗೆದುಕೊಂಡಾಗ, ಅವಳ ಬೆರಳು ಎದೆಗೆ ತಾಗಿದಾಗ, ಆ ಅಂಕಿ ಏರುತ್ತ ಏರುತ್ತ ಹೋಗಿ ನೂರಕ್ಕೆ ಹದಿನೆಂಟನ್ನೂ ದಾಟಿತು. ಹಲ್ವೋರನ ಕಿವಿಗಳು ಕೆಂಡವಾಗಿದ್ದವು.

"ಮಷೀನು ಸುಳ್ಳು ಹೇಳ್ತಿಲ್ಲ," ಎಂದಳು ಟುರಿಡ್, ಅವನ ವಾಫಲನ್ನೂ ಮುಗಿಸುತ್ತ. "ಸೋಮವಾರ ವಾರ್ಡಿಗೆ ತನ್ನಿ."

ಸ್ವೆರ್ರೆಗೆ ಇದ್ದಕ್ಕಿದ್ದ ಹಾಗೆ ವಾಫಲ್ ಸೀದು ಹೋಗುತ್ತಿದೆ ಎಂದು ನೆನಪಾಯಿತು. ಉಳಿದವರಿಗೆಲ್ಲ ಕಾಫಿ ಬೇಕಾಯಿತು. ಕೋಣೆ ಖಾಲಿಯಾಯಿತು.

ಟೂವಾ ಪ್ರೋಬನ್ನು ಮೆಲ್ಲಗೆ ಕೊಕ್ಕೆಗೆ ಹಾಕಿದಳು. ಆಮೇಲೆ ಅವನ ಅಂಗಿಯನ್ನು ಎತ್ತಿ ಅವನ ಮುಖಕ್ಕೆ ಎಸೆದಳು.

"ವಾರಗಟ್ಟಲೆ! ವಾರಗಟ್ಟಲೆ ನಾನು ಗಡಿಯಾರ ಬಿಚ್ಚಿದ್ದೀನಿ! ನಿನಗೆ ಹೃದ್ರೋಗ ಅಂತ ನಿದ್ದೆ ಬಿಟ್ಟಿದ್ದೀನಿ! ಹೇಳಕ್ಕೇನಾಗಿತ್ತು ನಿನಗೆ?"

"ಹೇಳಿದ್ರೆ ನೀನು ಬೇರೆಯವರನ್ನ ಮಲಗಿಸ್ತಿದ್ದೆ."

"ಮಲಗಿಸ್ದೆ ಇನ್ನೇನು? ಇವತ್ತಿಂದ ನೀನು ಈ ಮಂಚ ಹತ್ತೋ ಹಾಗಿಲ್ಲ. ನಿನ್ನ ಎದೆಯಿಂದ ನನಗೆ ಒಂದು ಲೆಕ್ಕವೂ ಬೇಡ." ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. ಕಣ್ಣು ಒದ್ದೆ, ಮುಖ ಕೆಂಪು. ಏನೋ ಹೇಳಲು ಹೊರಟವಳು ಹೇಳದೆ ಹೋದಳು.

ಹಲ್ವೋರ್ ಅಂಗಿ ತೊಟ್ಟುಕೊಂಡು ಗುಂಡಿ ಹಾಕಿದ. ಒಂದು ಗುಂಡಿ ತಪ್ಪಾಗಿ ಬಿತ್ತು. ಇಲ್ಲ ಎಂಬ ಉತ್ತರ ಸಿಕ್ಕಿತು ಎಂದುಕೊಂಡ.

ಆದರೂ ಅವನಿಗೆ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಯಂತ್ರ ವಾರ್ಡಿಗೆ ಹೋಯಿತು. ಮಂಚದ ಮೇಲೆ ಈಗ ಸ್ವೆರ್ರೆ ಮಲಗುತ್ತಿದ್ದ, ಜೆಲ್ ತಣ್ಣಗಿದೆ ಎಂದು ಕೂಗಾಡುತ್ತಿದ್ದ. ಟೂವಾ ಎದುರು ಸಿಕ್ಕರೆ ಕೆಲಸದ ಮಾತಷ್ಟೇ ಆಡಿ ಬೇಗ ಬೇಗ ನಡೆದುಬಿಡುತ್ತಿದ್ದಳು. ಅವಳ ಮಷೀನು ಉಳಿಯಿತಲ್ಲ, ನಾಲಗೆ ಕೊನೆಗಾದರೂ ತಿರುಗಿತಲ್ಲ, ಅದೇ ಪುಣ್ಯ ಎಂದುಕೊಂಡು ಅವನು ಹರಳು ಕೊಯ್ಯುತ್ತ ಕೂತಿರುತ್ತಿದ್ದ.

ಹಿಮ ಕರಗಿ ನದಿ ಸದ್ದು ಮಾಡತೊಡಗಿದ ಒಂದು ಬೆಳಿಗ್ಗೆ ಟುರಿಡ್ ಅವನನ್ನು ವಾರ್ಡಿಗೆ ಕರೆಸಿದಳು. ಪ್ರೋಬಿನ ತುದಿ ಸ್ವಲ್ಪ ಬಿಸಿಯಾಗುತ್ತಿದೆಯೇನೋ ನೋಡು ಎಂದು. ನೋಡಿದ, ಏನೂ ಆಗಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಒಂದು ಹೆಣ್ಣುಕೂಸು ಮಲಗಿತ್ತು. ಪಕ್ಕದಲ್ಲಿ ಅದರ ಅಪ್ಪ, ಗಡ್ಡ ಬೋಳಿಸದೆ ದಿನಗಳಾದ ಮನುಷ್ಯ, ಒಂದು ಬೆರಳನ್ನು ಮಗುವಿನ ಮುಷ್ಟಿಗೆ ಕೊಟ್ಟು ಕೂತಿದ್ದ. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಒಂದು ರಕ್ತನಾಳ ಆ ಕೂಸಿಗೆ ಮುಚ್ಚಿಕೊಂಡಿರಲಿಲ್ಲ. ಕೊಯ್ಯಬೇಕೋ ಕಾಯಬೇಕೋ ಎಂಬ ಪ್ರಶ್ನೆ.

ಆಗಲೇ ಅಲ್ಲಿದ್ದ ಟೂವಾ ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ, ಉಸಿರಿನಷ್ಟು ಹಗುರಾಗಿ ಪ್ರೋಬ್ ಇಟ್ಟಳು. ಕೂಸು ಎಚ್ಚರಾಗಲಿಲ್ಲ. ಪರದೆಯಲ್ಲಿ ಆ ಪುಟ್ಟ ಹೃದಯ ಮೂಡಿತು, ಅದರ ಮಗ್ಗುಲಲ್ಲಿ ಎಳೆಯಂಥ ಒಂದು ಹರಿವು. ಹಿಂದಿನ ದಿನ ಅಗಲವಾಗಿದ್ದದ್ದು ಇವತ್ತು ಸೊರಗಿತ್ತು. ಟುರಿಡ್ ಬಗ್ಗಿ ಬಹಳ ಹೊತ್ತು ನೋಡಿದಳು.

"ಮುಚ್ಚಿಕೊಳ್ತಾ ಇದೆ," ಎಂದಳು. "ಕೊಯ್ಯೋದು ಬೇಡ. ಕಾಯೋಣ."

ಆ ಅಪ್ಪ ಇನ್ನೊಂದು ಕೈಯಿಂದ ಟುರಿಡ್ ತೋಳು ಹಿಡಿದುಕೊಂಡ, ಟೂವಾಳ ತೋಳು ಹಿಡಿದುಕೊಂಡ. "ಥ್ಯಾಂಕ್ಸ್," ಎಂದ. "ಥ್ಯಾಂಕ್ಸ್. ಥ್ಯಾಂಕ್ಸ್."

"ಈ ಪ್ರೋಬ್ ಮಾಡಿದ್ದು ಇವನು," ಎಂದಳು ಟೂವಾ. ಅಪ್ಪ ಎದ್ದು ಬಂದು ಹಲ್ವೋರನನ್ನೂ ತಬ್ಬಿಕೊಂಡ. ಹಲ್ವೋರನಿಗೆ ದ್ವೀಪದಲ್ಲಿ ಒಣಮೀನು ಕಟ್ಟುವ ಅಮ್ಮ ನೆನಪಾಗಿ, ಕಣ್ಣು ಒರೆಸಿಕೊಳ್ಳಲು ಮುಖ ತಿರುಗಿಸಬೇಕಾಯಿತು.

ಹೊರಗಿನ ಪಡಸಾಲೆಯಲ್ಲಿ ಅವನು ಕೋಟು ತೊಡುತ್ತಿದ್ದಾಗ ಟೂವಾ ಬಂದಳು. ಇವತ್ತು ಬೇಗ ಬೇಗ ನಡೆದುಹೋಗಲಿಲ್ಲ. ಕಿಟಕಿಗೆ ಒರಗಿ ನಿಂತಳು.

"ಹಲ್ವೋರ್, ನಮ್ಮ ಕಸುಬಿನ ಮೊದಲನೇ ಪಾಠ ಯಾವುದು?"

"ಪರೀಕ್ಷೆ ಮಾಡ್ತೀಯಾ?"

"ಹೇಳು."

"ಲೆಕ್ಕ ತಪ್ಪಿದ್ರೆ ಮೊದಲು ಪ್ರೋಬನ್ನ ಇನ್ನೊಬ್ಬರ ಕೈಗೆ ಕೊಟ್ಟು ನೋಡು. ಬಿಚ್ಚೋದು, ಜೋಡಿಸೋದು ಎಲ್ಲ ಆಮೇಲೆ."

"ಹೂಂ. ಅದನ್ನೇ ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡೋದು." ಅವಳು ಕಿಟಕಿಯಾಚೆ ನೋಡುತ್ತ ಹೇಳಿದಳು. "ಗಡಿಯಾರ ಬಿಚ್ಚಿದೆ. ತಂತಿ ಬದಲಾಯಿಸಿದೆ. ನಿನ್ನನ್ನ ಡಾಕ್ಟರ್ ಹತ್ರ ಕಳಿಸಿದೆ. ಕಣ್ಣೆದುರಿಗೇ ಸ್ವೆರ್ರೆ ಇದ್ದ, ಒಂದ್ಸಲ ಹಿಡಿ ಅಂದಿದ್ರೆ ಅವತ್ತೇ ಮುಗೀತಿತ್ತು. ನಾನು ಕೊಡ್ಲಿಲ್ಲ. ಯಾಕೆ ಕೊಡ್ಲಿಲ್ಲ ಅಂತ ನೀನು ಯೋಚನೆ ಮಾಡಿದ್ಯಾ?"

ಹಲ್ವೋರ್ ಕೋಟಿನ ಒಂದು ತೋಳು ಹಾಕಿಕೊಂಡಿದ್ದವನು ಹಾಗೇ ನಿಂತ.

"ನೀನು ಅವತ್ತು ಅಷ್ಟು ಬೈದೆಯಲ್ಲ. ಲೆಕ್ಕ ಬೇಡ ಅಂದೆ."

"ಲೆಕ್ಕ ಬೇಡ ಅಂದೆ. ನೀನು ಬೇಡ ಅಂದ್ನಾ?" ಅವಳು ಈಗ ಅವನ ಕಡೆ ತಿರುಗಿದಳು. "ಅವತ್ತೇ ಹೇಳಿಬಿಟ್ಟಿದ್ರೆ ಜನ ಏನಂತಿದ್ರು? ಅಳೆದೋಳಿಗೂ ಅವನೇ ಇಷ್ಟ, ಅಳೆಸಿಕೊಂಡೋನಿಗೂ ಅವಳೇ ಇಷ್ಟ, ಈ ಅಳತೆ ಯಾರು ನಂಬ್ತಾರೆ ಅಂತಿದ್ರು. ಮೊದಲು ಮಷೀನು ತನ್ನ ಕಾಲ ಮೇಲೆ ತಾನು ನಿಲ್ಲಲಿ ಅಂತ ಕಾದೆ. ನನಗೇನು ಸುಲಭ ಇತ್ತು ಅಂದ್ಕೊಂಡ್ಯಾ? ನಿನ್ನ ಮುಖ ನೋಡಿದ್ರೆ ಬಾಯಿಬಿಟ್ಟುಬಿಡ್ತೀನಿ ಅಂತ ಓಡೋಡಿ ಹೋಗ್ತಿದ್ದೆ."

ಅವನು ಏನಾದರೂ ಹೇಳಬೇಕಿತ್ತು. ಹವೆಯ ಬಗ್ಗೆ ಒಂದು ಮಾತು ನಾಲಗೆಯ ತುದಿಗೆ ಬಂತು, ಅದನ್ನು ನುಂಗಿಕೊಂಡ. ಟೂವಾ ಒಂದು ಹೆಜ್ಜೆ ಹತ್ತಿರ ಬಂದು, ಜೋತಾಡುತ್ತಿದ್ದ ಕೋಟಿನ ಇನ್ನೊಂದು ತೋಳನ್ನು ಹಿಡಿದುಕೊಟ್ಟಳು. ಅವನು ಕೈ ತೂರಿಸಿದ. ಅವಳು ಬಿಡಲಿಲ್ಲ.

"ಥ್ಯಾಂಕ್ಸ್," ಎಂದ ಹಲ್ವೋರ್.

"ಯಾತಕ್ಕೆ, ಕೋಟಿಗಾ?"

"ಅಲ್ಲ." ಅವನು ಅವಳ ಕಣ್ಣು ನೋಡಿಯೇ ಹೇಳಿದ. "ಇನ್ನೊಬ್ಬರ ಕೈಗೆ ಕೊಡದೇ ಇದ್ದದ್ದಕ್ಕೆ."